ಲೀಡರ್‌ಕ್ರಾಂಟ್ಸ್ ಎಂಬ ನಾತದ ಚೀಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಇದು ಹಾಲು, ಬೆಣ್ಣೆ, ಚೀಸಿನ ಸೀಮೆ. ಊರಿಂದ ಬಂದ ನೆಂಟರನ್ನು ಚೀಸ್ ಅಂಗಡಿಗೆ ಕರೆದುಕೊಂಡು ಹೋದರೆ, ಒಂದು ಮೂಲೆಗೆ ಬಂದಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿ ಸಾಕಾಗಿ, ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಲೀಡರ್‌ಕ್ರಾಂಟ್ಸ್ ಅಂದರೆ ಏನು? ಲೀಡರ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ, ಯಾವ ನಾಯಕರೂ ಇದರಲ್ಲಿಲ್ಲ. ಇದು ಜರ್ಮನ್ ಮಾತು. ‘ಲೀಡರ್’ ಅಂದರೆ ಹಾಡುಗಳು, ‘ಕ್ರಾಂಟ್ಸ್’ ಅಂದರೆ ಹೂವಿನ ಮಾಲೆ. ಒಟ್ಟಿಗೆ ಹಾಡಿನ ಮಾಲೆ. ಇಷ್ಟು ಚೆಂದದ ಹೆಸರು ಇಟ್ಟುಕೊಂಡು ಇಷ್ಟು ನಾರುವ ತಿಂಡಿ ಇನ್ನೊಂದು ಇರಲಿಕ್ಕಿಲ್ಲ.

ವಸ್ತು ಏನಪ್ಪಾ ಅಂದರೆ, ಹಸುವಿನ ಹಾಲಿನ ಮೆತ್ತನೆಯ ಚೀಸ್. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಇಟ್ಟಿಗೆ. ಮೇಲೆ ತೇವ ತೇವವಾದ, ಹಳದಿ ಕಿತ್ತಳೆ ಬಣ್ಣದ ಸಿಪ್ಪೆ. ಒಳಗೆ ಬೆಣ್ಣೆ ಬಣ್ಣ. ಚೆನ್ನಾಗಿ ಹಣ್ಣಾದ ಮೇಲೆ ಕತ್ತರಿಸಿದರೆ ಒಳಗಿನದು ಜೇನಿನ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಅಮೆರಿಕದಲ್ಲೇ ಹುಟ್ಟಿದ ಚೀಸ್‌ಗಳು ಅಂತ ಬೆರಳೆಣಿಕೆಯಷ್ಟು ಇವೆ. ಅದರಲ್ಲಿ ಇದೂ ಒಂದು.

ಹಾಡಿಗೂ ಚೀಸಿಗೂ ಹೇಗೆ ಗಂಟು ಬಿತ್ತು?

ಇದಕ್ಕೆ 19ನೇ ಶತಮಾನದ ಕೊನೆಯ ನ್ಯೂಯಾರ್ಕ್‌ಗೆ ಹೋಗಬೇಕು. ಆಗ ಆ ನಗರದಲ್ಲಿ ಜರ್ಮನಿಯಿಂದ ಬಂದವರು ಲೆಕ್ಕವಿಲ್ಲದಷ್ಟು ಜನ. ಅವರದ್ದೇ ಬೀದಿ, ಅವರದ್ದೇ ಬಿಯರ್ ಅಂಗಡಿ, ಅವರದ್ದೇ ಹಾಡಿನ ಸಂಘ. ಅಂಥ ಒಂದು ಸಂಘ 1847ರಲ್ಲಿ ಶುರುವಾದ ಲೀಡರ್‌ಕ್ರಾಂಟ್ಸ್. ಗಂಡಸರೆಲ್ಲ ಸೇರಿ ಹಾಡುವುದು, ಆಮೇಲೆ ಕುಡಿಯುವುದು, ತಿನ್ನುವುದು. ನಮ್ಮ ಭಜನಾ ಮಂಡಳಿ ಇದ್ದ ಹಾಗೆ ಅಂದುಕೊಳ್ಳಿ. ಪ್ರಸಾದದ ಜಾಗದಲ್ಲಿ ಬಿಯರ್ ಇಟ್ಟರೆ ಆಯಿತು.

ಅಡಾಲ್ಫ್ ಟೋಡೆ ಅಂತ ಒಬ್ಬರು ನಗರದಲ್ಲಿ ತಿಂಡಿ ತಿನಿಸಿನ ಅಂಗಡಿ ಇಟ್ಟಿದ್ದರು. ಅವರ ಗಿರಾಕಿಗಳಿಗೆ ಜರ್ಮನಿಯ ಬಿಸ್ಮಾರ್ಕ್ ಶ್ಲಾಸ್‌ಕೇಸ ಎಂಬ ಚೀಸ್ ಬೇಕಿತ್ತು. ಅದು ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಬರುವಷ್ಟರಲ್ಲಿ ಕೆಟ್ಟುಹೋಗುತ್ತಿತ್ತು. ಮೆತ್ತನೆಯ ಚೀಸ್ ಅಲ್ವಾ, ದಾರಿಯಲ್ಲೂ ಹಣ್ಣಾಗುತ್ತಲೇ ಇರುತ್ತದೆ. ಟೋಡೆ ಅವರ ಕೈಯಲ್ಲಿ ಒಂದು ಚೀಸ್ ಫ್ಯಾಕ್ಟರಿಯೂ ಇತ್ತು. ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯ ಮನ್ರೋ ಎಂಬ ಊರಿನಲ್ಲಿ. ‘ಅದನ್ನು ಇಲ್ಲೇ ಮಾಡಿಕೊಡಿ’ ಅಂತ ಕೆಲಸಗಾರರಿಗೆ ಹೇಳಿದರು.

ಅಲ್ಲಿ ಎಮಿಲ್ ಫ್ರೇ ಎಂಬ ಸ್ವಿಸ್ ಹುಡುಗ ಇದ್ದ. ಹುಟ್ಟಿದ್ದು 1867ರಲ್ಲಿ. ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು. ಅವನು ಮಾಡಿ ಮಾಡಿ ನೋಡಿದ. ಜರ್ಮನ್ ಚೀಸ್ ಬರಲಿಲ್ಲ. ಬೇರೆ ಏನೋ ಬಂತು. ಆ ‘ಬೇರೆ ಏನೋ’ ತುಂಬಾ ರುಚಿಯಾಗಿತ್ತು. ಟೋಡೆ ಅದನ್ನು ತಮ್ಮ ಹಾಡಿನ ಸಂಘದ ಗೆಳೆಯರಿಗೆ ತಿನ್ನಿಸಿದರು. ಅವರು ತಟ್ಟೆ ಖಾಲಿ ಮಾಡಿದರು. ಸಂಘದ ಹೆಸರೇ ಚೀಸಿನ ಹೆಸರಾಯಿತು. ಇದು 1880ರ ದಶಕದ ಕೊನೆ, 1890ರ ದಶಕದ ಶುರುವಿನ ಮಾತು.

ಪಕ್ಕದ್ದೇ ಊರು ಚೆಸ್ಟರ್. ಅಲ್ಲಿ 1870ರ ದಶಕದಲ್ಲಿ ವಿಲಿಯಂ ಲಾರೆನ್ಸ್ ಎಂಬ ಹಾಲಿನ ವ್ಯಾಪಾರಿ ಫ್ರಾನ್ಸಿನ ನ್ಯೂಶಾಟೆಲ್ ಚೀಸಿನ ಥರದ್ದು ಮಾಡುತ್ತಿದ್ದ. ಕೆನೆ ಜಾಸ್ತಿ ಹಾಕಿ ನೋಡಿದಾಗ ಹುಟ್ಟಿದ್ದು ಇವತ್ತಿನ ಕ್ರೀಮ್ ಚೀಸ್. ಯುರೋಪಿನದನ್ನು ಮಾಡಹೊರಟು ಹೊಸದೊಂದನ್ನು ಮಾಡಿಬಿಡುವುದು ಆ ಕೌಂಟಿಯ ನೀರಿನಲ್ಲೇ ಇತ್ತೋ ಏನೋ.

ಹಾಡಿನ ಸಂಘ ಇವತ್ತಿಗೂ ಇದೆ. 58ನೇ ಬೀದಿಯಲ್ಲಿದ್ದ ಅದರ ಹಳೇ ಸಭಾಂಗಣವನ್ನು ಕೊಲಂಬಿಯಾ ಕಂಪನಿ ಮುಂದೆ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿತ್ತು. ಹಳೇ ಗ್ರಾಮಫೋನ್ ರೆಕಾರ್ಡು ಕೂಡಿಡುವವರಿಗೆ ಲೀಡರ್‌ಕ್ರಾಂಟ್ಸ್ ಹಾಲ್ ಅಂದರೆ ನೆನಪಾಗುವುದು ಅದರ ಒಳ್ಳೆಯ ಸದ್ದು, ಚೀಸ್ ಅಲ್ಲ.

ಹಾಗಾದರೆ ಇದು ಲಿಂಬರ್ಗರ್ ಚೀಸಿನ ನಕಲಾ?

ನಕಲು ಅನ್ನುವುದಕ್ಕಿಂತ ದಾಯಾದಿ ಅನ್ನಿ. ಲಿಂಬರ್ಗರ್ ಹಳಬ. ಈಗ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಜರ್ಮನಿಗಳಲ್ಲಿ ಹಂಚಿಹೋಗಿರುವ ಹಿಂದಿನ ಲಿಂಬರ್ಗ್ ಸೀಮೆಯ ಕೂಸು. ಎರಡನ್ನೂ ಹಣ್ಣು ಮಾಡುವ ಕ್ರಮ ಒಂದೇ: ಮೇಲ್ಮೈಯನ್ನು ಉಪ್ಪುನೀರಿನಲ್ಲಿ ಒರೆಸುತ್ತಾ ಒರೆಸುತ್ತಾ ಬ್ಯಾಕ್ಟೀರಿಯಾ ಬೆಳೆಸುವುದು. ಲಿಂಬರ್ಗರ್ ಒರಟು. ಲೀಡರ್‌ಕ್ರಾಂಟ್ಸ್ ಸ್ವಲ್ಪ ನಯ, ಇನ್ನೂ ಮೆತ್ತಗೆ, ನಾತವೂ ಒಂದು ಮೆಟ್ಟಿಲು ಕೆಳಗೆ. ಇದು ನನ್ನ ಮೂಗಿನ ತೀರ್ಪು. ನಮ್ಮ ಮನೆಯವಳನ್ನು ಕೇಳಿದರೆ ಎರಡೂ ಒಂದೇ, ಎರಡೂ ಮನೆಯಿಂದಾಚೆ ಇರಬೇಕು.

ಅಷ್ಟೊಂದು ನಾತ ಯಾಕೆ?

ಬ್ರೆವಿಬ್ಯಾಕ್ಟೀರಿಯಂ ಲಿನೆನ್ಸ್ ಎಂಬ ಸೂಕ್ಷ್ಮಜೀವಿಯಿಂದ. ಇದರ ತೀರ ಹತ್ತಿರದ ಬಂಧುಗಳು ನಮ್ಮ ಚರ್ಮದ ಮೇಲೆ ವಾಸ ಮಾಡುತ್ತವೆ. ಅದರಲ್ಲೂ ಕಾಲ್ಬೆರಳ ಸಂದಿ ಅಂದರೆ ಪ್ರೀತಿ. ‘ಇದೇನು, ಬೆವರಿದ ಕಾಲುಚೀಲದ ವಾಸನೆ’ ಅಂತ ಮೂಗು ಮುರಿಯುವವರು ತಪ್ಪು ಹೇಳುತ್ತಿಲ್ಲ. ವಾಸನೆ ಮಾಡುವವರು ಎರಡೂ ಕಡೆ ಒಂದೇ ಮನೆತನದವರು.

ಕೆಲಸ ನಡೆಯುವುದು ಹೀಗೆ. ಹೊಸ ಚೀಸ್ ಹುಳಿ. ಆ ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಮೊದಲು ಯೀಸ್ಟ್‌ಗಳು ಬಂದು ಮೇಲಿನ ಹುಳಿಯನ್ನು ತಿಂದು ಖಾಲಿ ಮಾಡುತ್ತವೆ. ಹುಳಿ ಇಳಿದ ಮೇಲೆ ಬ್ರೆವಿಬ್ಯಾಕ್ಟೀರಿಯಂ ಬಂದು ಬಿಡಾರ ಹೂಡುತ್ತದೆ. ಬೇರೆಯವು ಉಪ್ಪಿಗೆ ಹೆದರಿ ಓಡಿದರೂ ಇದು ಹೆದರುವುದಿಲ್ಲ. ಮೇಲಿನ ಕಿತ್ತಳೆ ಬಣ್ಣದಲ್ಲಿ ಇದರ ಪಾಲು ದೊಡ್ಡದು. ಇದು ಹಾಲಿನ ಪ್ರೋಟೀನನ್ನು ಮುರಿಯುತ್ತಾ ಹೋದಂತೆ ಗಟ್ಟಿ ಚೀಸ್ ಹೊರಗಿನಿಂದ ಒಳಕ್ಕೆ ಮೆತ್ತಗಾಗುತ್ತದೆ. ಆ ಮುರಿತದಲ್ಲಿ ಗಂಧಕದ ಅಂಶವಿರುವ ಮೀಥೇನ್‌ಥಯಾಲ್ ಎಂಬ ಅನಿಲ ಹೊರಬರುತ್ತದೆ. ಕೊಳೆತ ಎಲೆಕೋಸಿನ ವಾಸನೆ ಅದರದ್ದು. ಇದು ಗಾಳಿಯಲ್ಲಿ ಕಣದಷ್ಟಿದ್ದರೂ ಮೂಗು ಹಿಡಿದುಬಿಡುತ್ತದೆ.

ಲೀಡರ್‌ಕ್ರಾಂಟ್ಸ್ ಯಾಕೆ ಪುಟ್ಟ ಇಟ್ಟಿಗೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಹಣ್ಣಾಗುವುದು ಹೊರಗಿನಿಂದ ಒಳಕ್ಕೆ. ದೊಡ್ಡ ಮುದ್ದೆ ಮಾಡಿದರೆ ಒಳಗೆ ತಲುಪುವ ಮೊದಲೇ ಹೊರಗಿನದು ಕರಗಿಹೋಗಿರುತ್ತದೆ.

ವಾಸನೆ ಹಾಗಿದ್ದರೆ ರುಚಿಯೂ ಹಾಗೇ ಇರುತ್ತಾ?

ಇಲ್ಲ, ಇಲ್ಲೇ ಎಲ್ಲರೂ ಮೋಸ ಹೋಗುವುದು. ಬಾಯಿಗೆ ಇಟ್ಟರೆ ಉಪ್ಪು, ಬೆಣ್ಣೆ, ಸ್ವಲ್ಪ ಅಣಬೆ, ಕೊನೆಗೆ ನಾಲಿಗೆಯ ಹಿಂದೆ ಸಣ್ಣ ಕಹಿ. ಹೊರಗೆ ಘಾಟು, ಒಳಗೆ ಸೌಮ್ಯ. ಹಲಸಿನ ಹಣ್ಣು ಮನೆಗೆ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಹಿಡಿಸದವರಿಗೆ ಅದು ನಾತ, ಹಿಡಿಸಿದವರಿಗೆ ಘಮ. ಮಲೆನಾಡಿನವರು ನೆನೆಹಾಕಿದ ಕಣಿಲೆಯ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ವಾಸನೆಯನ್ನು ನೆನಪಿಸಿಕೊಳ್ಳಲಿ. ಕರಾವಳಿಯವರಿಗೆ ಒಣಮೀನು ಇದೆ. ನಮ್ಮಲ್ಲೂ ಮೂಗು ದಾಟಿದ ಮೇಲೆ ರುಚಿ ಸಿಗುವ ತಿನಿಸು ಕಡಿಮೆ ಏನಿಲ್ಲ.

ಮಾಡುವುದು ಹೇಗೆ? ಪನೀರ್ ಥರಾನಾ?

ಶುರು ಮಾತ್ರ ಹಾಗೆ ಕಾಣುತ್ತದೆ. ಪನೀರಿಗೆ ಬಿಸಿ ಹಾಲಿಗೆ ನಿಂಬೆಹುಳಿ ಹಿಂಡಿ ಒಡೆಸುತ್ತೇವೆ, ಹಿಂಡುತ್ತೇವೆ, ಮುಗಿಯಿತು. ಇಲ್ಲಿ ಉಗುರುಬೆಚ್ಚಗಿನ ಹಾಲಿಗೆ ಮೊದಲು ಹೆಪ್ಪು, ಆಮೇಲೆ ಹಾಲನ್ನು ಗಟ್ಟಿ ಮಾಡುವ ರೆನ್ನೆಟ್ ಎಂಬ ವಸ್ತು. ಹಾಲು ಒಡೆಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಅದನ್ನು ತುಂಡು ಮಾಡಿ, ಅಚ್ಚಿಗೆ ಸುರಿದು, ನೀರು ಬಸಿದು, ಇಟ್ಟಿಗೆ ಕತ್ತರಿಸಿ, ಉಪ್ಪು ಹಿಡಿಸುತ್ತಾರೆ. ಇಷ್ಟರವರೆಗೆ ಅದಕ್ಕೆ ನಾತವೇ ಇಲ್ಲ.

ಅಸಲಿ ಕೆಲಸ ಆಮೇಲೆ. ಇಟ್ಟಿಗೆಗಳನ್ನು ಬೆಚ್ಚಗಿನ, ತೇವ ತುಂಬಿದ ಕೋಣೆಯಲ್ಲಿ ಮರದ ಹಲಗೆಗಳ ಮೇಲೆ ಸಾಲಾಗಿ ಜೋಡಿಸುತ್ತಾರೆ. ಬ್ಯಾಕ್ಟೀರಿಯಾ ಇರುವ ಉಪ್ಪುನೀರನ್ನು ಮೇಲೆಲ್ಲ ಸವರುತ್ತಾರೆ. ಕೆಲವು ದಿನ ಬಿಟ್ಟು ಮಗುಚಿ ಮತ್ತೆ ಸವರುತ್ತಾರೆ. ಮೇಲೆ ಲೋಳೆಲೋಳೆ ಪದರ ಬಂದ ಮೇಲೆ ಕಾಗದದಲ್ಲಿ ಸುತ್ತಿ ತಣ್ಣಗಿನ ಕೋಣೆಗೆ ಸಾಗಿಸುತ್ತಾರೆ. ಅಲ್ಲಿಂದಾಚೆ ಅದು ತಾನೇ ಹಣ್ಣಾಗುತ್ತದೆ, ಅಂಗಡಿಯ ಕಪಾಟಿನಲ್ಲೂ, ನಿಮ್ಮ ಫ್ರಿಜ್‌ನಲ್ಲೂ.

ಫ್ಯಾಕ್ಟರಿಯ ಗೋಡೆಗೆ ಚೀಸ್ ಬಳಿದರಂತೆ, ಹೌದಾ?

ಈ ಚೀಸಿನ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಮನ್ರೋದಲ್ಲಿ ವ್ಯಾಪಾರ ಬೆಳೆಯಿತು. ಹಾಲು ಸಾಲದಾಯಿತು. ಹೀಗಾಗಿ 1926ರಲ್ಲಿ ಕಂಪನಿ ತನ್ನ ಕೆಲಸವನ್ನು ಓಹಾಯೋ ರಾಜ್ಯದ ವ್ಯಾನ್ ವರ್ಟ್ ಎಂಬ ಊರಿಗೆ ಸಾಗಿಸಿತು. ಹೊಸ ಕಟ್ಟಡ, ಥಳಥಳ ಹೊಳೆಯುವ ಪಾತ್ರೆಗಳು, ಬೇಕಾದಷ್ಟು ಹಾಲು. ಮಾಡುವವರೂ ಅವರೇ, ಮಾಡುವ ಕ್ರಮವೂ ಅದೇ. ಆದರೆ ಬಂದದ್ದು ಲೀಡರ್‌ಕ್ರಾಂಟ್ಸ್ ಅಲ್ಲ.

ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತಂತೆ: ಹೊಸ ಮನೆ ತೀರ ಸ್ವಚ್ಛವಾಗಿದೆ! ಮನ್ರೋದ ಹಳೇ ಕಟ್ಟಡದ ಹಲಗೆಗಳಲ್ಲಿ, ಗೋಡೆಗಳಲ್ಲಿ ವರ್ಷಗಟ್ಟಲೆ ಸೂಕ್ಷ್ಮಜೀವಿಗಳು ಸಂಸಾರ ಮಾಡಿಕೊಂಡಿದ್ದವು. ಚೀಸ್ ಮಾಡುತ್ತಿದ್ದದ್ದು ಫ್ರೇ ಒಬ್ಬನೇ ಅಲ್ಲ, ಆ ಮನೆಯೂ ಮಾಡುತ್ತಿತ್ತು. ಸರಿ, ಹಳೇ ಹಲಗೆಗಳನ್ನು ತರಿಸಿದರು. ಹಳೇ ಲೀಡರ್‌ಕ್ರಾಂಟ್ಸನ್ನು ಹೊಸ ಗೋಡೆಗಳಿಗೆ ಬಳಿದರು. ಸ್ವಲ್ಪ ದಿನದಲ್ಲಿ ಮನೆಗೆ ವಾಸನೆ ಹಿಡಿಯಿತು, ಚೀಸಿಗೂ ಹಿಡಿಯಿತು. ಹೇಳುತ್ತಾ ಹೇಳುತ್ತಾ ಕತೆಗೆ ಉಪ್ಪು ಖಾರ ಸೇರಿರಬಹುದು, ಆದರೆ ಒಳಗಿನ ಸಂಗತಿ ವಿಜ್ಞಾನಕ್ಕೆ ಒಪ್ಪುವಂಥದ್ದೇ.

ಇದು ನಮಗೆ ಅರ್ಥವಾಗದ ಮಾತೇನಲ್ಲ. ಬೇರೆ ಊರಿಗೆ ಸಂಸಾರ ಹೂಡುವಾಗ ಪಕ್ಕದ ಮನೆಯಲ್ಲಿ ಒಂದು ಚಮಚ ಹೆಪ್ಪು ಕೇಳಿಕೊಂಡು ಬರುತ್ತೇವಲ್ಲ, ಹಾಗೆ. ಹಾಲು ಎಷ್ಟೇ ಒಳ್ಳೆಯದಿರಲಿ, ಹೆಪ್ಪು ಬೇರೆಯಾದರೆ ಮೊಸರು ಬೇರೆ. ಅವರು ಹೆಪ್ಪನ್ನು ಗೋಡೆಗೆ ಹಾಕಿದರು, ಅಷ್ಟೇ ವ್ಯತ್ಯಾಸ.

ವೆಲ್ವೀಟಾ ಮಾಡಿದವನೂ ಇವನೇನಾ?

ಹೌದು! ಅಮೆರಿಕದ ಮಕ್ಕಳು ಮ್ಯಾಕರೋನಿ ಮೇಲೆ ಸುರಿದುಕೊಳ್ಳುವ, ವಾಸನೆಯೇ ಇಲ್ಲದ, ರಬ್ಬರಿನ ಇಟ್ಟಿಗೆಯಂಥ ವೆಲ್ವೀಟಾ ಇದೆಯಲ್ಲ, ಅದರ ಅಪ್ಪನೂ ಎಮಿಲ್ ಫ್ರೇ.

ಮನ್ರೋ ಕಂಪನಿಗೆ ಪೆನ್ಸಿಲ್ವೇನಿಯಾದ ಕವಿಂಗ್ಟನ್‌ನಲ್ಲಿ ಇನ್ನೊಂದು ಫ್ಯಾಕ್ಟರಿ ಇತ್ತು. ಅಲ್ಲಿ ಸ್ವಿಸ್ ಚೀಸಿನ ದೊಡ್ಡ ಗಾಲಿಗಳನ್ನು ಮಾಡುತ್ತಿದ್ದರು. ಒಡೆದದ್ದು, ಸೊಟ್ಟಗಾದದ್ದು ಮಾರಾಟವಾಗುತ್ತಿರಲಿಲ್ಲ. ಆ ಚೂರುಗಳಿಂದ ಏನಾದರೂ ಮಾಡಪ್ಪಾ ಅಂತ ಫ್ರೇಗೆ ಕಳಿಸಿದರು. ಅವನು ಮನೆಯ ಒಲೆಯ ಮೇಲೆ ಕರಗಿಸಿ, ಬಸಿದ ಹಾಲಿನ ನೀರಿನ ಸಾರ ಬೆರೆಸಿ, ಪದೇ ಪದೇ ಪ್ರಯತ್ನಿಸಿ 1918ರಲ್ಲಿ ನುಣುಪಾದ ಒಂದು ಮುದ್ದೆ ಮಾಡಿದ. ವೆಲ್ವೆಟ್ ಥರ ಇದೆ ಅಂತ ಆ ಹೆಸರು. 1923ರಲ್ಲಿ ಅದಕ್ಕೇ ಬೇರೆ ಕಂಪನಿ ಆಯಿತು, 1927ರಲ್ಲಿ ಕ್ರಾಫ್ಟ್ ಕೊಂಡುಕೊಂಡಿತು.

ಒಬ್ಬನೇ ಮನುಷ್ಯ ನೋಡಿ. ಒಂದು ಚೀಸ್ ದಿನಕ್ಕೊಂದು ರುಚಿ, ಇನ್ನೊಂದು ವರ್ಷ ಕಳೆದರೂ ಒಂದೇ ರುಚಿ. ಅಂಗಡಿಯವರಿಗೆ ಯಾವುದು ಬೇಕು ಅಂತ ಬೇರೆ ಹೇಳಬೇಕಿಲ್ಲ.

ಇಷ್ಟು ಜನಪ್ರಿಯವಾಗಿದ್ದದ್ದು ಯಾಕೆ ನಿಂತುಹೋಯಿತು?

1929ರಲ್ಲಿ ಕಂಪನಿ ಬೋರ್ಡನ್ ಎಂಬ ದೊಡ್ಡ ಹಾಲಿನ ಕಂಪನಿಯ ಕೈಗೆ ಹೋಯಿತು. ಫ್ರೇ 1938ರಲ್ಲಿ ನಿವೃತ್ತನಾದ, 1951ರಲ್ಲಿ ತೀರಿಕೊಂಡ. ಬೋರ್ಡನ್ ಲೀಡರ್‌ಕ್ರಾಂಟ್ಸನ್ನು ದೇಶದ ತುಂಬಾ ಮಾರಿತು. ಆದರೆ ಈ ಚೀಸಿಗೂ ಸೂಪರ್ ಮಾರ್ಕೆಟ್ಟಿಗೂ ಆಗಿಬರುವುದಿಲ್ಲ. ಕಾಯಿ ಇದ್ದಾಗ ಕೊಂಡರೆ ಸಪ್ಪೆ, ಹಣ್ಣಾದಾಗ ಇಟ್ಟರೆ ಪಕ್ಕದ ಗಿರಾಕಿ ಬೈಯುತ್ತಾನೆ. ಸರಿಯಾದ ಹದ ಕೆಲವೇ ದಿನ.

1980ರ ದಶಕದ ಶುರುವಿನಲ್ಲಿ ಬೋರ್ಡನ್ ಈ ವ್ಯಾಪಾರದಿಂದ ಕೈ ತೊಳೆದುಕೊಂಡಿತು. 1985ರಲ್ಲಿ ವ್ಯಾನ್ ವರ್ಟ್‌ನ ಮೆತ್ತನೆಯ ಚೀಸ್‌ಗಳಲ್ಲಿ ಬೇಡದ ಬ್ಯಾಕ್ಟೀರಿಯಾ ಸೇರಿತ್ತು ಅಂತ ಮಾಲು ವಾಪಸ್ ತರಿಸಬೇಕಾಯಿತು. ಅಲ್ಲಿಗೆ ಲೀಡರ್‌ಕ್ರಾಂಟ್ಸ್ ಅಂಗಡಿಗಳಿಂದ ಮಾಯವಾಯಿತು. ಬ್ಯಾಕ್ಟೀರಿಯಾದಿಂದ ಹುಟ್ಟಿದ ಚೀಸ್ ಬ್ಯಾಕ್ಟೀರಿಯಾದಿಂದಲೇ ಹೋಯಿತು.

ಇಪ್ಪತ್ತೈದು ವರ್ಷ ಸುದ್ದಿಯಿಲ್ಲ. ವಯಸ್ಸಾದವರು ಅಂಗಡಿ ಅಂಗಡಿ ಕೇಳುವುದು, ಅಂಗಡಿಯವರು ತಲೆ ಆಡಿಸುವುದು. ಆಮೇಲೆ 2010ರಲ್ಲಿ ವಿಸ್ಕಾನ್ಸಿನ್‌ನ ರಿಚ್‌ಫೀಲ್ಡ್‌ನ ಡಿಸಿಐ ಚೀಸ್ ಕಂಪನಿ ಅದೇ ಹೆಸರಿನಲ್ಲಿ ಮತ್ತೆ ತಂದಿತು. ನಾನು ತಿಂದದ್ದು ಆ ಎರಡನೇ ಜನ್ಮದ್ದು. ನನಗೆ ಹಿಡಿಸಿತು. ‘ಅದು ಹಾಗಿರಲಿಲ್ಲ ಬಿಡಿ’ ಅನ್ನುವ ಹಿರಿಯರೂ ಸಿಕ್ಕರು. ಎಂಟನೇ ವಯಸ್ಸಿನಲ್ಲಿ ಅಪ್ಪನ ತಟ್ಟೆಯಿಂದ ತಿಂದ ರುಚಿಯ ಮುಂದೆ ಯಾವ ಕಂಪನಿ ತಾನೇ ಗೆದ್ದೀತು?

ಈ ಜಾತಿಯ ಚೀಸ್ ತಿನ್ನಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಮನ್ರೋಗೆ. ಆದರೆ ನ್ಯೂಯಾರ್ಕಿನ ಮನ್ರೋ ಅಲ್ಲ, ವಿಸ್ಕಾನ್ಸಿನ್‌ನ ಮನ್ರೋ. ಹೆಸರು ಒಂದೇ ಆದದ್ದು ಕಾಕತಾಳೀಯ. ಎರಡೂ ನಾತದ ಚೀಸಿನ ಊರಾದದ್ದು ತಮಾಷೆ.

ಈ ಮನ್ರೋ ಇರುವುದು ಗ್ರೀನ್ ಕೌಂಟಿಯಲ್ಲಿ. 1845ರಲ್ಲಿ ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನಿಂದ ಬಂದವರು ಹತ್ತಿರದಲ್ಲೇ ನ್ಯೂ ಗ್ಲಾರುಸ್ ಕಟ್ಟಿದರು. 1860ರ ದಶಕದ ಕೊನೆಗೆ ಅಲ್ಲಿ ಲಿಂಬರ್ಗರ್ ಶುರುವಾಯಿತು. ಮುಂದೆ ನೂರಕ್ಕೂ ಜಾಸ್ತಿ ಫ್ಯಾಕ್ಟರಿಗಳಾದವು. ಬಿಯರ್ ಅಂಗಡಿಗಳಲ್ಲಿ ಕುಡಿಯುವವರಿಗೆ ಲಿಂಬರ್ಗರ್, ಈರುಳ್ಳಿ, ಕಪ್ಪು ಬ್ರೆಡ್ ನಂಚಿಕೊಳ್ಳಲು ಇಡುತ್ತಿದ್ದರು. 1920ರಲ್ಲಿ ದೇಶಕ್ಕೆಲ್ಲ ಪಾನನಿಷೇಧ ಬಂತು. ಬಿಯರ್ ಹೋದ ಮೇಲೆ ನಂಚಿಕೊಳ್ಳುವುದಕ್ಕೆ ಏನು ಕೆಲಸ? 1933ರಲ್ಲಿ ನಿಷೇಧ ಹೋದರೂ ಹಳೇ ಅಭ್ಯಾಸ ಪೂರ್ತಿ ಮರಳಲಿಲ್ಲ. ಒಂದೊಂದೇ ಫ್ಯಾಕ್ಟರಿ ಬಾಗಿಲು ಹಾಕಿತು. ಕೊನೆಗೆ ಇಡೀ ಅಮೆರಿಕದಲ್ಲಿ ಲಿಂಬರ್ಗರ್ ಮಾಡುವುದು ಒಂದೇ ಒಂದು ಅಂತ ಉಳಿದದ್ದು, 1885ರಲ್ಲಿ ಹುಟ್ಟಿದ ಶಾಲೆ ಚೀಸ್ ಕೋಆಪರೇಟಿವ್, ರೈತರದ್ದೇ ಸಹಕಾರ ಸಂಘ. (ನಮ್ಮ ಶಾಲೆಯಲ್ಲ, ಸ್ವಿಸ್ ಮರದ ಮನೆಗೆ ಹೇಳುವ ಹೆಸರು.) ಮೇಲೆ ಸವರುವ ಹೆಪ್ಪನ್ನು ಅಲ್ಲಿ 1911ರಿಂದಲೂ ಕಾಪಾಡಿಕೊಂಡು ಬಂದಿದ್ದಾರೆ.

ಊರ ಚೌಕದಲ್ಲಿ ಬೌಮ್‌ಗಾರ್ಟ್‌ನರ್ಸ್ ಅಂತ 1931ರ ಹೋಟೆಲು. ಒಳಗೆ ಹೋದರೆ ಮೊದಲು ಕಾಣುವುದು ಚಾವಣಿ. ಮಡಿಸಿದ ಡಾಲರ್ ನೋಟುಗಳು ಅಲ್ಲಿ ಅಂಟಿಕೊಂಡು ನೇತಾಡುತ್ತಿರುತ್ತವೆ. ಲಿಂಬರ್ಗರ್ ಸ್ಯಾಂಡ್‌ವಿಚ್ ಹೇಳಿದೆ. ಬಂತು: ಎರಡು ಹೋಳು ರೈ ಬ್ರೆಡ್, ನಡುವೆ ದಪ್ಪಕ್ಕೆ ಕತ್ತರಿಸಿದ ಚೀಸ್, ಅದರ ಮೇಲೆ ಬೆರಳಗಲದ ಹಸಿ ಈರುಳ್ಳಿ, ಸಾಸಿವೆ. ಎಲ್ಲದರ ಮೇಲೆ ಪುಟ್ಟದೊಂದು ಪೆಪ್ಪರ್‌ಮಿಂಟ್ ಚಾಕಲೇಟ್. ಇದು ಅಲಂಕಾರಕ್ಕೆ ಅಂದುಕೊಂಡು ಪಕ್ಕಕ್ಕಿಟ್ಟೆ. ಸ್ಯಾಂಡ್‌ವಿಚ್ ಮುಗಿಸಿ ಕಾರು ಹತ್ತಿದಾಗ ಅದು ಯಾಕೆ ಅಂತ ಅರ್ಥವಾಯಿತು. ಕಿಟಕಿ ಇಳಿಸಿಕೊಂಡೇ ಊರು ಮುಟ್ಟಿದೆವು.

ಪೋಸ್ಟ್ ಆಫೀಸಿನವರು ಇದಕ್ಕಾಗಿ ಜಗಳ ಆಡಿದ್ದು ನಿಜವಾ?

ನಿಜ. 1935ರಲ್ಲಿ ಅಯೋವಾ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿನ ರೋಗಿಯೊಬ್ಬರಿಗೆ ಮನ್ರೋದಿಂದ ಲಿಂಬರ್ಗರ್ ಪಾರ್ಸಲ್ ಹೋಯಿತು. ತಿನ್ನಿ ಅಂತ ಡಾಕ್ಟರೇ ಹೇಳಿದ್ದರು! ಅಂಚೆಯವನಿಗೆ ದಾರಿಯಲ್ಲಿ ಆ ವಾಸನೆಗೆ ಹೊಟ್ಟೆ ತೊಳೆಸಿತು. ಅಲ್ಲಿನ ಪೋಸ್ಟ್‌ಮಾಸ್ಟರ್ ಪಾರ್ಸಲನ್ನು ವಾಪಸ್ ಕಳಿಸಿದರು. ಮನ್ರೋದ ಪೋಸ್ಟ್‌ಮಾಸ್ಟರಿಗೆ ಇದು ಊರಿನ ಮರ್ಯಾದೆ ಪ್ರಶ್ನೆ. ‘ಬನ್ನಿ, ಮೂಸಿ ನೋಡಿ, ಆಮೇಲೆ ಮಾತಾಡಿ’ ಅಂತ ಪಂಥ ಹಾಕಿದರು. ಡುಬ್ಯೂಕ್ ಊರಿನ ಹೋಟೆಲಿನಲ್ಲಿ, ಪತ್ರಿಕೆಯವರ ಮುಂದೆ ಮೂಸುವ ಕಾಳಗ ನಡೆಯಿತು. ಅಯೋವಾದ ಪೋಸ್ಟ್‌ಮಾಸ್ಟರ್ ಸೋಲೊಪ್ಪಿದರು. ಅವರಿಗೆ ಮೂಗಿನಲ್ಲಿ ವಾಸನೆ ಹಿಡಿಯುವ ಶಕ್ತಿಯೇ ಇರಲಿಲ್ಲವಂತೆ.

ಸೊಳ್ಳೆಗೂ ಈ ಚೀಸಿಗೂ ಏನೋ ಇದೆಯಂತಲ್ಲ?

ಇದೆ. ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಗೆ ಮನುಷ್ಯರ ಪಾದದ ವಾಸನೆ ಅಂದರೆ ಆಸೆ. ಪಾದದ ವಾಸನೆಗೂ ಲಿಂಬರ್ಗರ್ ವಾಸನೆಗೂ ಮೂಲ ಹತ್ತಿರ ಹತ್ತಿರ ಅಂದ ಮೇಲೆ, ಚೀಸಿಗೂ ಬರಬೇಕಲ್ಲ? ಡಚ್ ವಿಜ್ಞಾನಿ ಬಾರ್ಟ್ ಕ್ನೋಲ್ಸ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿದರು, ಸೊಳ್ಳೆ ಬಂತು. 2006ರಲ್ಲಿ ಇದಕ್ಕೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಸಸ್ಯಾಹಾರಿಗಳು ತಿನ್ನಬಹುದಾ?

ಎಲ್ಲಾ ರೆನ್ನೆಟ್ ಮೇಲೆ ನಿಂತಿದೆ. ಹಾಲನ್ನು ಗಟ್ಟಿ ಮಾಡುವ ಈ ವಸ್ತುವನ್ನು ಹಿಂದೆ ಕರುವಿನ ಹೊಟ್ಟೆಯ ಒಳಪದರದಿಂದ ತೆಗೆಯುತ್ತಿದ್ದರು. ಈಗಲೂ ಕೆಲವರು ಅದನ್ನೇ ಬಳಸುತ್ತಾರೆ. ಅಮೆರಿಕದಲ್ಲಿ ಹೆಚ್ಚಿನ ಚೀಸಿಗೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಬೇರೆ ರೆನ್ನೆಟ್ ಬಳಸುತ್ತಾರೆ. ಪ್ಯಾಕೆಟ್ ಮೇಲೆ ಬರೀ ‘ಎನ್‌ಝೈಮ್’ ಅಂತಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ‘ವೆಜಿಟೇರಿಯನ್’ ಅಥವಾ ‘ಮೈಕ್ರೋಬಿಯಲ್’ ಎಂಬ ಮಾತು ಇದೆಯಾ ನೋಡಿ. ನಮ್ಮ ಅತ್ತೆಯವರು ಬಂದಾಗ ನಾನು ಓದಿ ಹೇಳಿದ ಮೇಲೂ ಅವರು ಮುಟ್ಟಲಿಲ್ಲ. ಅಡ್ಡಿಯಾಗಿದ್ದದ್ದು ರೆನ್ನೆಟ್ ಅಲ್ಲ ಅಂತ ನನ್ನ ಗುಮಾನಿ.

ಬಸುರಿಯರು ಮೆತ್ತನೆಯ ಚೀಸ್ ತಿನ್ನುವ ಮುಂಚೆ ಡಾಕ್ಟರನ್ನು ಕೇಳುವುದೇ ಸರಿ. ಲಿಸ್ಟೀರಿಯಾ ಎಂಬ ರೋಗಾಣುವಿನ ಭಯ ಈ ಜಾತಿಯ ಚೀಸಿಗೆ ಜಾಸ್ತಿ.

ಮೊದಲ ಸಲ ತಿನ್ನುವವರು ಯಾವ ಹದದ್ದು ಕೊಳ್ಳಬೇಕು?

ಲಿಂಬರ್ಗರ್ ಲೆಕ್ಕದಲ್ಲಿ ಹೇಳುತ್ತೇನೆ, ಸಿಗುವುದು ಅದೇ ಜಾಸ್ತಿ. ಮಾಡಿ ಒಂದು ತಿಂಗಳಾದದ್ದು ಇನ್ನೂ ಗಟ್ಟಿ, ಪುಡಿಪುಡಿ, ಉಪ್ಪು. ಒಂದೂವರೆ ತಿಂಗಳಿಗೆ ಅಂಚುಗಳು ಮೆತ್ತಗಾಗಿ ನಡುವೆ ಮಾತ್ರ ಬಿಳಿ ಗಟ್ಟಿ ಉಳಿದಿರುತ್ತದೆ. ಎರಡರಿಂದ ಮೂರು ತಿಂಗಳು ಒಳ್ಳೆಯ ಹದ, ಇಡೀ ಇಟ್ಟಿಗೆ ಕೆನೆ ಕೆನೆ. ಮೂರು ದಾಟಿದ ಮೇಲೆ ಚಾಕುವಿನಲ್ಲಿ ಸವರುವ ಹಾಗಾಗುತ್ತದೆ. ಅದು ಪಳಗಿದವರಿಗೆ. ಹೊಸಬರು ಒಂದೂವರೆ ತಿಂಗಳಿನದ್ದರಿಂದ ಶುರು ಮಾಡಿ.

ಜೊತೆಗೆ ಏನು ಅಂದರೆ, ಈರುಳ್ಳಿ ಬೇಕೇ ಬೇಕು. ಬಿಸಿ ಆಲೂಗಡ್ಡೆ ಬೇಯಿಸಿ ಅದರ ಮೇಲಿಟ್ಟರೂ ಚೆನ್ನ. ನಾನು ಒಮ್ಮೆ ಜೋಳದ ರೊಟ್ಟಿ, ಹಸಿ ಈರುಳ್ಳಿ ಜೊತೆ ತಿಂದೆ. ರೈ ಬ್ರೆಡ್ಡಿಗಿಂತ ಒಂದು ಕೈ ಮೇಲೆ ಅನ್ನಿಸಿತು. ತಿನ್ನುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಿಂದ ಹೊರಗಿಡಿ. ತಣ್ಣಗಿದ್ದರೆ ರುಚಿ ಬಿಡುವುದಿಲ್ಲ.

ಸಿಪ್ಪೆ ತಿನ್ನಬೇಕಾ, ತೆಗೆಯಬೇಕಾ?

ತಿನ್ನಬಹುದು. ನಾತದ ಮುಕ್ಕಾಲು ಪಾಲು ಅಲ್ಲೇ ಇರುವುದು. ಭಯವಾದರೆ ಕೆರೆದು ತೆಗೆಯಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮೊದಲೇ ನಾರುವ ವಸ್ತು ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ?

ಒಳ್ಳೆಯ ಪ್ರಶ್ನೆ. ಕಾಲಿನ ವಾಸನೆ, ಕೊಟ್ಟಿಗೆಯ ವಾಸನೆ, ಎಲೆಕೋಸಿನ ವಾಸನೆ ಎಲ್ಲಾ ಸರಿ. ಆದರೆ ಕಾಗದ ಬಿಚ್ಚಿದ ಕೂಡಲೇ ಕಣ್ಣು ಉರಿಯುವಂಥ ಅಮೋನಿಯಾ ಘಾಟು ಹೊಡೆದು, ಸ್ವಲ್ಪ ಹೊತ್ತು ಗಾಳಿಗೆ ಇಟ್ಟರೂ ಹೋಗದಿದ್ದರೆ ಅದರ ಕಾಲ ಮುಗಿದಿದೆ. ಸಿಪ್ಪೆ ಕಿತ್ತಳೆ ಬಿಟ್ಟು ಕಂದು ಬಣ್ಣಕ್ಕೆ ತಿರುಗಿ, ಒಳಗಿನದು ನೀರಾಗಿ, ತೀರ ಕಹಿಯಾದರೂ ಅಷ್ಟೇ. ಕಸಕ್ಕೆ ಹಾಕಿ. ಕಸದ ಗಾಡಿ ಬರುವ ದಿನವೇ ಹಾಕಿ, ಹಿಂದಿನ ದಿನ ಬೇಡ.

ಫ್ರಿಜ್‌ನಲ್ಲಿ ಇಡುವುದು ಹೇಗೆ?

ಕಾಗದದಲ್ಲಿ ಸುತ್ತಿ, ಗಾಜಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಭದ್ರ ಮಾಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಆ ಡಬ್ಬಿ ಆಮೇಲೆ ಚೀಸಿಗೇ ಮೀಸಲು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಒಂದು ಶನಿವಾರ ರಾತ್ರಿ ಅರ್ಧ ತಿಂದ ಇಟ್ಟಿಗೆಯನ್ನು ಅದರ ಹಾಳೆಯಲ್ಲೇ ಮಡಿಸಿ ಸುಮ್ನೆ ಮೇಲಿನ ತಟ್ಟಿನಲ್ಲಿಟ್ಟೆ. ಕೆಳಗಿನ ತಟ್ಟಿನಲ್ಲಿ ಇಡ್ಲಿ ಹಿಟ್ಟು, ಮೇಲೆ ಬರೀ ತಟ್ಟೆ ಮುಚ್ಚಿತ್ತು. ಹುದುಗು ಬಂದ ಹಿಟ್ಟು, ಅದೂ ತೆರೆದ ಬಾಯಿ. ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆಯ ಜೊತೆ ಮೇಲೆದ್ದದ್ದು ಇಡ್ಲಿಯ ಘಮವಲ್ಲ. ಮಗ ಬಂದು ಇಣುಕಿ, ‘ಅಪ್ಪಾ, ಯಾರ ಶೂ ಬೇಯಿಸ್ತಿದ್ದೀರಾ?’ ಅಂದ. ಹದಿನಾರು ಇಡ್ಲಿ. ನಾನು ಚಟ್ನಿ ಜಾಸ್ತಿ ಹಾಕಿಕೊಂಡು ನಾಲ್ಕು ತಿಂದೆ, ಛಲಕ್ಕೆ. ಉಳಿದದ್ದರ ಬಗ್ಗೆ ಮನೆಯಲ್ಲಿ ಈಗಲೂ ಮಾತಾಡುವ ಹಾಗಿಲ್ಲ.

ಕೈಗೆ ಹತ್ತಿದ ವಾಸನೆ ಹೋಗುವುದು ಹೇಗೆ?

ಸೋಪಿಗೆ ಒಂದೇ ಸಲಕ್ಕೆ ಜಗ್ಗುವುದಿಲ್ಲ. ನಾನು ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಉಜ್ಜಿ, ಆಮೇಲೆ ಸೋಪು ಹಾಕುತ್ತೇನೆ. ಉಗುರಿನ ಸಂದಿ ಮರೆಯಬೇಡಿ.